ಮನೆಯೊಳಗಿನ ಚೆಲುವನ್ನು ಕಂಡ ಉಮ್ರಾವ್ ಸಿಂಗ್

ನನ್ನ ಊರು ಬ್ಯಾಡಗಿ, ಓದುವುದು ಹಾವೇರಿಯಲ್ಲಿ. ಹೋದ ವರ್ಷ ನಮ್ಮ ಅಜ್ಜಿ ತೀರಿಕೊಂಡಾಗ ಗೋಡೆಗೆ ತೂಗಹಾಕಲು ಒಂದು ಭಾವಚಿತ್ರ ಬೇಕಾಯಿತು. ಮನೆಯೆಲ್ಲ ಹುಡುಕಿದರೂ ಸಿಕ್ಕಿದ್ದು ಒಂದೇ. ಹಿಂದೆಂದೋ ರಾಣೇಬೆನ್ನೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದರಲ್ಲಿ ಅಜ್ಜಿ ಜರತಾರಿ ಸೀರೆಯುಟ್ಟು ಕೊರಡಿನಂತೆ ಕುಳಿತಿದ್ದಾಳೆ. ಪಡಸಾಲೆಯಲ್ಲಿ ಕಾಲು ನೀಡಿಕೊಂಡು, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ನಮಗೆ ಕಥೆ ಹೇಳುತ್ತಿದ್ದ ಅಜ್ಜಿ ಅದರಲ್ಲಿಲ್ಲ. ಈ ಕೊರಗಿನಲ್ಲಿದ್ದಾಗಲೇ ಉಮ್ರಾವ್ ಸಿಂಗ್ ಶೇರ್‌ಗಿಲ್ ಎಂಬ ಮಹನೀಯರ ಜೀವನವನ್ನು ಓದಿದೆನು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ಕ್ಯಾಮರಾ ನಮ್ಮ ಸೀಮೆಗೆ ಹೊಸದಲ್ಲ. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ಗ್ರಂಥವೊಂದು 1866ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಪ್ರಕಟವಾಗಿತ್ತು. ಆದರೆ ಆ ಕಾಲದ ಕ್ಯಾಮರಾ ಹೆಚ್ಚಾಗಿ ಅರಸರನ್ನೂ ಗುಡಿಗಳನ್ನೂ ನೋಡಿತು. ಅಡುಗೆಮನೆ ಪಡಸಾಲೆಗಳ ಕಡೆಗೆ ತಿರುಗಿದ್ದು ಅಪರೂಪ. ಹಾಗೆ ಮನೆಯ ಕಡೆಗೆ ತಿರುಗಿಸಿದವರಲ್ಲಿ ಉಮ್ರಾವ್ ಸಿಂಗರು ಒಬ್ಬರು.

ಅವರು ಹುಟ್ಟಿದ್ದು 1870ರಲ್ಲಿ, ಪಂಜಾಬಿನ ಮಜೀಠಿಯಾ ಸರದಾರರ ಮನೆತನದಲ್ಲಿ. ಸಂಸ್ಕೃತ, ಪಾರಸಿ ಭಾಷೆಗಳಲ್ಲಿ ಪಂಡಿತರು. ಯೋಗ, ತತ್ತ್ವಶಾಸ್ತ್ರಗಳಲ್ಲಿ ಆಸಕ್ತರು. ಛಾಯಾಚಿತ್ರಣ ಅವರ ಹೊಟ್ಟೆಪಾಡಾಗಿರಲಿಲ್ಲ, ಹವ್ಯಾಸವಾಗಿತ್ತು. 1912ರಲ್ಲಿ ಹಂಗೇರಿ ದೇಶದ ಗಾಯಕಿ ಮರೀ ಅಂತ್ವಾನೆತ್ ಅವರನ್ನು ಲಾಹೋರಿನಲ್ಲಿ ವರಿಸಿದರು. ಬುಡಾಪೆಸ್ಟಿನಲ್ಲಿ 1913ರಲ್ಲಿ ಅಮೃತಾ, 1914ರಲ್ಲಿ ಇಂದಿರಾ ಜನಿಸಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಸಂಸಾರವು 1921ರವರೆಗೆ ಯುರೋಪಿನಲ್ಲಿಯೇ ಉಳಿಯಬೇಕಾಯಿತು. ತರುವಾಯ ಶಿಮ್ಲಾ, 1929ರಿಂದ ಪ್ಯಾರಿಸ್, 1934ರಲ್ಲಿ ಮತ್ತೆ ಭಾರತ.

ಎಲ್ಲಿದ್ದರೂ ಅವರ ಕ್ಯಾಮರಾ ಮನೆಯವರನ್ನು ಬಿಡಲಿಲ್ಲ. ಪಿಯಾನೋದ ಮುಂದೆ ಕುಳಿತ ಹೆಂಡತಿ, ಬೆಳೆಯುತ್ತಿರುವ ಹೆಣ್ಣುಮಕ್ಕಳು, ಚಿತ್ರ ಬರೆಯುವ ಅಮೃತಾ, ಕಡೆಗೆ ತಮ್ಮನ್ನೇ ತಾವು—ಇವೇ ಅವರ ವಸ್ತುಗಳು. 1907ರಲ್ಲಿ ಲ್ಯೂಮಿಯೇರ್ ಸಹೋದರರು ಮಾರುಕಟ್ಟೆಗೆ ತಂದ ಆಟೋಕ್ರೋಮ್ ಎಂಬ ವರ್ಣಫಲಕಗಳನ್ನೂ ಅವರು ಬಳಸಿದರು. ಆಲೂಗಡ್ಡೆಯ ಹಿಟ್ಟಿನ ಕಣಗಳಿಗೆ ಬಣ್ಣ ಕಟ್ಟಿ, ಗಾಜಿನ ಮೇಲೆ ಹರಡಿ ಅವನ್ನು ತಯಾರಿಸುತ್ತಿದ್ದರು. ಇದನ್ನು ಓದಿದಾಗ ನನಗೆ ನಗು ಬಂದಿತು: ಅಡುಗೆಮನೆಯ ಆಲೂಗಡ್ಡೆಯೇ ಬಣ್ಣವನ್ನು ಹಿಡಿಯಬಲ್ಲುದಾದರೆ, ನಮ್ಮ ಅಂಗಳದ ಮೆಣಸಿನಕಾಯಿಯ ಕೆಂಪಿಗೆ ಏನು ಕೊರತೆ?

ಅವರ ಬಾಳು ಬರಿಯ ಸುಖದ್ದಲ್ಲ. ಚಿತ್ರಕಲಾವಿದೆಯಾಗಿ ಹೆಸರಾದ ಅಮೃತಾ 1941ರ ಡಿಸೆಂಬರಿನಲ್ಲಿ, 28ನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ತೀರಿಕೊಂಡಳು. 1948ರಲ್ಲಿ ಪತ್ನಿಯೂ ಅಗಲಿದರು. ವೃದ್ಧ ತಂದೆ 1954ರವರೆಗೆ ಬದುಕಿದರು. ಅಗಲಿದ ಇಬ್ಬರ ಮುಖಗಳೂ ಅವರು ತೆಗೆದ ಚಿತ್ರಗಳಲ್ಲಿ ಉಳಿದವು. ಮೊಮ್ಮಗ, ಕಲಾವಿದ ವಿವಾನ್ ಸುಂದರಂ, 2001ರ ಸುಮಾರಿಗೆ ಆ ಚಿತ್ರಗಳನ್ನು ಜೋಡಿಸಿ ಹೊಸ ಕೃತಿಗಳನ್ನೇ ರಚಿಸಿದರು.

ಉಮ್ರಾವ್ ಸಿಂಗರು ಶ್ರೀಮಂತರು, ನಾವು ಅಲ್ಲ. ಆದರೂ ಅವರಿಗೆ ದುಬಾರಿಯಾಗಿದ್ದ ಸಾಧನ ಇಂದು ನಮ್ಮ ಕಿಸೆಯಲ್ಲಿದೆ. ನನ್ನ ಮೊಬೈಲಿನಲ್ಲಿ ಗೆಳೆಯರ ಚಿತ್ರಗಳಿಗೆ ಲೆಕ್ಕವಿಲ್ಲ. ಅಜ್ಜಿಯದು ಒಂದೂ ಇರಲಿಲ್ಲ. ತಪ್ಪು ಸಾಧನದ್ದಲ್ಲ, ನನ್ನ ಕಣ್ಣಿನದು.

ಕಳೆದ ಭಾನುವಾರ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಮೊಬೈಲು ಹಿಡಿದೊಡನೆ, ಹಳೆಯ ಸೀರೆಯೆಂದು ನಾಚಿ, ಬದಲಾಯಿಸಿ ಬರುವೆನೆಂದು ಎದ್ದಳು. ಬೇಡವೆಂದು ಕೈ ಹಿಡಿದು ಕೂರಿಸಿದೆನು. ಚಿತ್ರದಲ್ಲಿ ಅವಳ ಕೈ ತುಸು ಮಸುಕಾಗಿದೆ. ರೊಟ್ಟಿ ತಿರುಗುತ್ತಲೇ ಇದೆ. ಅದನ್ನು ಅಜ್ಜಿಯ ಪಟದ ಪಕ್ಕದಲ್ಲಿ ಇಟ್ಟಿದ್ದೇನೆ.