ಗೋಹರಬಾಯಿ ಕರ್ನಾಟಕಿ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸರೆಯಲ್ಲಿ ಬೆಳೆದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಾಡು ಕಲೆಗೆ ಹೆಸರಾದುದು. ಮುಧೋಳವು ಕವಿಚಕ್ರವರ್ತಿ ರನ್ನನ ಹುಟ್ಟೂರು. ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ಇಲ್ಲಿಯ ಹಳ್ಳಿಗಳಲ್ಲಿ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತದ ಆಟ ನಡೆಯುತ್ತಿತ್ತು. ಒಂದು ಹೂವಿನ ನೆವದಲ್ಲಿ ಸತ್ಯಭಾಮೆಯ ಒಲವು, ಮುನಿಸು, ವಿರಹಗಳನ್ನು ಹಾಡಿ ತೋರಿಸುವ ಆಟವದು. ಜಮಖಂಡಿ ಮತ್ತು ಮುಧೋಳಗಳು ಮರಾಠಿ ಮನೆತನಗಳ ಸಂಸ್ಥಾನಗಳಾಗಿದ್ದುದರಿಂದ ಮರಾಠಿ ಸಂಗೀತ ನಾಟಕಗಳೂ ಈ ಜನರಿಗೆ ಅಪರಿಚಿತವಾಗಿರಲಿಲ್ಲ. ಆ ರಂಗಭೂಮಿಯ ಜನಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡ ಮತ್ತು ಮರಾಠಿ ರಂಗಭೂಮಿಗಳು ಹೀಗೆ ಒಂದೇ ಅಂಗಳದಲ್ಲಿ ಆಡಿ ಬೆಳೆದ ಮಕ್ಕಳಂತಿದ್ದವು.

ಈ ನಾಡಿನ ಬೀಳಗಿಯಲ್ಲಿ, 20ನೆಯ ಶತಮಾನದ ಆರಂಭದಲ್ಲಿ ಗೋಹರಬಾಯಿ ಜನಿಸಿದರು. ಬೀಳಗಿಯು ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅವರದು ಸಂಗೀತ, ನಾಟಕಗಳ ಬಳಕೆಯಿದ್ದ ಮುಸಲ್ಮಾನ ಕುಟುಂಬ. ಅವರ ಸೋದರಿ ಅಮೀರಬಾಯಿ ಮುಂದೆ ಹಿಂದಿ ಚಲನಚಿತ್ರಗಳ ಪ್ರಖ್ಯಾತ ಗಾಯಕಿಯಾದರು. 1943ರಲ್ಲಿ ತೆರೆಕಂಡ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅಮೀರಬಾಯಿಯ ಕಂಠವು ದೇಶದ ಮನೆಮನೆಗೂ ತಲುಪಿತು. ಸೋದರಿಯರಿಬ್ಬರೂ ತಮ್ಮ ಹೆಸರಿನ ಮುಂದೆ ನಾಡಿನ ಹೆಸರನ್ನು ಧರಿಸಿ ‘ಕರ್ನಾಟಕಿ’ ಎನಿಸಿಕೊಂಡರು. ಗ್ರಾಮಫೋನಿನ ಮೊದಲ ದಿನಗಳಲ್ಲಿ ಕೀರ್ತಿ ಗಳಿಸಿದ ಕಲಕತ್ತೆಯ ಗೌಹರ್ ಜಾನ್ ಬೇರೆ, ನಮ್ಮ ಬೀಳಗಿಯ ಗೋಹರಬಾಯಿ ಬೇರೆ.

ಆ ಕಾಲದಲ್ಲಿ ಮರಾಠಿ ರಂಗಭೂಮಿಯ ಮೇಲೆ ಬಾಲಗಂಧರ್ವರ ಹೆಸರು ಮೆರೆಯುತ್ತಿತ್ತು. 1888ರಲ್ಲಿ ಜನಿಸಿದ ಇವರ ನಿಜನಾಮ ನಾರಾಯಣ ಶ್ರೀಪಾದ ರಾಜಹಂಸ. ಬಾಲಕನಾಗಿದ್ದಾಗ ಇವರ ಗಾಯನವನ್ನು ಕೇಳಿ ಮೆಚ್ಚಿದ ಲೋಕಮಾನ್ಯ ತಿಲಕರಿಂದಲೇ ‘ಬಾಲಗಂಧರ್ವ’ ಎಂಬ ಹೆಸರು ಬಂದಿತೆಂದು ಪ್ರತೀತಿ. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿದ ಇವರು 1913ರಲ್ಲಿ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಸ್ತ್ರೀಯರು ರಂಗವನ್ನೇರುವುದು ಅಪರೂಪವಾಗಿದ್ದ ಕಾಲದಲ್ಲಿ ನಾಯಕಿಯ ಪಾತ್ರಗಳನ್ನು ಇವರೇ ವಹಿಸುತ್ತಿದ್ದರು. 1911ರ ‘ಮಾನಾಪಮಾನ’ದಲ್ಲಿ ಭಾಮಿನಿ, 1916ರ ‘ಸ್ವಯಂವರ’ದಲ್ಲಿ ರುಕ್ಮಿಣಿ, 1919ರ ‘ಏಕಚ್ ಪ್ಯಾಲಾ’ದಲ್ಲಿ ಸಿಂಧು ಇವು ಅವರ ಅಮರ ಪಾತ್ರಗಳು. ‘ಸ್ವಯಂವರ’ಕ್ಕೆ ರಾಗ ಸಂಯೋಜಿಸಿದವರು ಅವರ ಗುರುಗಳಾದ ಭಾಸ್ಕರಬುವಾ ಬಖಲೆ. ಯಮನ್, ಭೂಪ, ಭೀಮಪಲಾಸಗಳಂತಹ ರಾಗಗಳು ಆ ನಾಟಕದಲ್ಲಿ ಕೃಷ್ಣನಿಗಾಗಿ ಕಾತರಿಸುವ ರುಕ್ಮಿಣಿಯ ಹೃದಯದ ಮಾತುಗಳಾದವು. ಶಾಸ್ತ್ರೀಯ ಸಂಗೀತವನ್ನು ಅರಿಯದವರೂ ಪ್ರೇಮದ ಆ ಕಥೆಯ ಮೂಲಕ ರಾಗಗಳ ರುಚಿಯನ್ನು ಕಂಡರು.

ಗೋಹರಬಾಯಿಗೆ ಈ ಗಾಯನವೇ ಸರ್ವಸ್ವವಾಯಿತು. ಬಾಲಗಂಧರ್ವರ ಗ್ರಾಮಫೋನ್ ತಟ್ಟೆಗಳೇ ಅವರಿಗೆ ಪಾಠಶಾಲೆಯಾದವು. ಅಂದಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು 3 ನಿಮಿಷದ ಹಾಡು ಮಾತ್ರ ಅಡಕವಾಗುತ್ತಿತ್ತು. ಎದುರಿಗೆ ಕುಳಿತ ಗುರುವು ಶಿಷ್ಯನ ತಪ್ಪನ್ನು ತಿದ್ದಬಲ್ಲನು. ತಟ್ಟೆಯಾದರೋ ಹಾಡಿದ್ದನ್ನೇ ಹಾಡೀತು, ತಿದ್ದಲಾರದು. ಅಂತಹ ಕಲಿಕೆಯಲ್ಲಿ ಕಿವಿಯೇ ಗುರು, ಒಲವೇ ಬೆತ್ತ. ಸ್ವರವನ್ನು ಮೆಲ್ಲನೆ ಹತ್ತುವ ಬಗೆ, ಶಬ್ದವನ್ನು ನೋಯಿಸದೆ ತಾನು ತೆಗೆಯುವ ಬಗೆ, ತಾಳದೊಡನೆ ಸರಸವಾಡಿ ಸಮಕ್ಕೆ ಬಂದು ಸೇರುವ ಬಗೆ ಇವೆಲ್ಲ ಗೋಹರಬಾಯಿಗೆ ಸಿದ್ಧಿಸಿದವು. ಅವರ ಹಾಡುಗಾರಿಕೆಯು ಬಾಲಗಂಧರ್ವರ ಪಡಿಯಚ್ಚೆಂದು ಹೆಸರಾಯಿತು. ಪುರುಷನೊಬ್ಬನು ತನ್ನ ಕಂಠವನ್ನು ಹದಗೊಳಿಸಿ ಹೆಣ್ಣಿನ ಒಲವನ್ನು ಹಾಡಿದ್ದನು. ಈಗ ಹೆಣ್ಣೊಬ್ಬಳು ಅವನಿಂದ ಅದನ್ನು ಕಲಿತು ಹಾಡಿದಳು. ಕಲೆಯ ಲೋಕದ ವಿಸ್ಮಯಗಳಲ್ಲಿ ಇದೂ ಒಂದು.

ಮುಂಬಯಿಗೆ ಹೋಗಿ ಚಲನಚಿತ್ರಗಳಲ್ಲಿಯೂ ಅಭಿನಯಿಸಿದ್ದ ಗೋಹರಬಾಯಿ 1930ರ ದಶಕದ ಕೊನೆಯಲ್ಲಿ ಗಂಧರ್ವ ನಾಟಕ ಮಂಡಳಿಯನ್ನು ಸೇರಿದರು. ಧ್ವನಿಯ ಮೇಲಿನ ಒಲವು ಧ್ವನಿಯ ಒಡೆಯನ ಮೇಲಿನ ಒಲವಾಗಿ ಬೆಳೆಯಿತು. ರಂಗದ ಮೇಲೆ ಗೋಹರಬಾಯಿ ನಾಯಕಿಯಾದರು. ಬಾಲಗಂಧರ್ವರು ಪುರುಷ ಪಾತ್ರಗಳನ್ನು ಧರಿಸಿದರು.

ಸಮಾಜವು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಬಾಲಗಂಧರ್ವರು ಗೃಹಸ್ಥರು, ಪತ್ನಿ ಲಕ್ಷ್ಮೀಬಾಯಿಯವರು ಆಗ ಬದುಕಿದ್ದರು. ಆ ಸಾಧ್ವಿಯ ನೋವನ್ನು ಮರೆತು ಈ ಕಥೆಯನ್ನು ಹೇಳುವುದು ನ್ಯಾಯವಲ್ಲ. ಧರ್ಮದ ಭೇದವೂ ಜನರ ಕಣ್ಣನ್ನು ಚುಚ್ಚಿತು. ಹಳೆಯ ಒಡನಾಡಿಗಳು ದೂರವಾದರು. ಮಂಡಳಿಯ ಅವನತಿಗೆ ಗೋಹರಬಾಯಿಯೇ ಕಾರಣವೆಂದು ಹಲವರು ದೂರಿದರು. ಆದರೆ ಸಂಗತಿಗಳನ್ನು ತೂಗಿ ನೋಡಿದರೆ ಈ ದೂರು ಪೂರ್ಣವಾಗಿ ನಿಲ್ಲುವುದಿಲ್ಲ. ಬೆಲೆಬಾಳುವ ಉಡುಪು, ಅತ್ತರು, ರಂಗಸಜ್ಜಿಕೆಗಳಿಗಾಗಿ ಕೈತಡೆಯದೆ ವೆಚ್ಚ ಮಾಡಿದ ಮಂಡಳಿಯು ಬಹು ಹಿಂದೆಯೇ ಸಾಲದಲ್ಲಿ ಮುಳುಗಿತ್ತು. 1931ರಲ್ಲಿ ಮಾತನಾಡುವ ಚಿತ್ರಗಳು ಬಂದ ಮೇಲೆ ಪ್ರೇಕ್ಷಕರು ನಾಟಕಗೃಹಗಳನ್ನು ಬಿಟ್ಟು ಅತ್ತ ನಡೆದರು. ಸ್ವತಃ ಬಾಲಗಂಧರ್ವರೇ 1935ರಲ್ಲಿ ಪ್ರಭಾತ್ ಸಂಸ್ಥೆಯ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರ ಪಾತ್ರವನ್ನು ವಹಿಸಿದ್ದರು. ಇಷ್ಟೆಲ್ಲ ಆದ ಮೇಲೆ ಬಂದವರು ಗೋಹರಬಾಯಿ. ಏರುವ ಕಾಲದಲ್ಲಿ ಕೂಡಿ ಬಂದವರಲ್ಲ, ಇಳಿಯುವ ಕಾಲದಲ್ಲಿ ಕೈಹಿಡಿದು ನಿಂತವರು.

1940ರಲ್ಲಿ ಲಕ್ಷ್ಮೀಬಾಯಿಯವರು ತೀರಿಕೊಂಡರು. 1951ರಲ್ಲಿ ಬಾಲಗಂಧರ್ವರು ಗೋಹರಬಾಯಿಯವರನ್ನು ವಿವಾಹವಾದರು. ಆ ವೇಳೆಗೆ ವೈಭವವು ಅಳಿದಿತ್ತು. ಮುಂದೆ ಬಾಲಗಂಧರ್ವರ ಕಾಲುಗಳ ಶಕ್ತಿ ಉಡುಗಿತು. ಒಂದು ಕಾಲಕ್ಕೆ ಯಾರ ನಡಿಗೆಯನ್ನೂ ಉಡುಗೆಯನ್ನೂ ಕುಲಸ್ತ್ರೀಯರು ಅನುಕರಿಸುತ್ತಿದ್ದರೋ ಅವರು ಈಗ ಎದ್ದು ನಡೆಯಲಾರದವರಾದರು. ಗೋಹರಬಾಯಿ ಅವರ ಆರೈಕೆಗೆ ನಿಂತರು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ 1964ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ ಬಾಲಗಂಧರ್ವರನ್ನು ಅರಸಿಕೊಂಡು ಬಂದವು. ಗೋಹರಬಾಯಿಯ ಪಾಲಿಗೆ ಬಂದದ್ದು ಸೇವೆ ಮತ್ತು ನಿಂದೆ. ಪತಿಗಿಂತ ಮೊದಲೇ ಅವರು ಕಣ್ಮುಚ್ಚಿದರು. 1967ರ ಜುಲೈ 15ರಂದು ಬಾಲಗಂಧರ್ವರೂ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರವು ತೆರೆಯಿತು.

ಗೋಹರಬಾಯಿಯದು ಬರಿಯ ಅನುಕರಣೆಯೆಂದು ಹೇಳುವವರುಂಟು. ಆದರೆ ನಮ್ಮ ಸಂಗೀತದಲ್ಲಿ ಎಲ್ಲ ವಿದ್ಯೆಯೂ ಅನುಕರಣೆಯಿಂದಲೇ ಮೊದಲಾಗುತ್ತದೆ. ಗುರುವಿನ ಕಂಠವನ್ನು ಶಿಷ್ಯನು ತನ್ನ ಕಂಠದಲ್ಲಿ ಉಳಿಸಿಕೊಳ್ಳದಿದ್ದರೆ ಪರಂಪರೆಯೇ ಇರದು. ತನ್ನದೇ ಹಾದಿಯೊಂದನ್ನು ಕಡಿದುಕೊಳ್ಳಬಲ್ಲ ಶಕ್ತಿಯಿದ್ದ ಗಾಯಕಿಯೊಬ್ಬಳು ಇನ್ನೊಬ್ಬರ ಹಾದಿಯಲ್ಲಿಯೇ ಕೊನೆಯವರೆಗೆ ನಡೆದಳು. ಅದು ತ್ಯಾಗವೋ ನಷ್ಟವೋ ಎಂಬುದನ್ನು ಕೇಳುಗರು ತೀರ್ಮಾನಿಸಬೇಕು. ಬೀಳಗಿಯ ಮಗಳ ಕಂಠವು ಹಳೆಯ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ಮೊದಲು ಕೇಳಿದಾಗ ಅಲ್ಲಿ ಬಾಲಗಂಧರ್ವರೇ ಹಾಡಿದಂತೆ ತೋರುತ್ತದೆ. ಇನ್ನಷ್ಟು ಕಿವಿಗೊಟ್ಟರೆ, ಅವರ ಹಾಡನ್ನು ಬಾಳಿನುದ್ದಕ್ಕೂ ಪ್ರೀತಿಸಿದ ಹೆಣ್ಣೊಬ್ಬಳ ದನಿ ಕೇಳಿಸುತ್ತದೆ.