ಹೆನ್ರಿ ಡ್ಯೂನಾಂಟನ ಚರಿತ್ರೆ

ಬಿಳೀ ಬಟ್ಟೆಯ ಮೇಲೆ ಕೆಂಪು ಶಿಲುಬೆಯಿರುವ ಗುರುತನ್ನು ನಮ್ಮ ವಾಚಕರು ಅನೇಕ ಸಾರಿ ಕಂಡಿರುವರು. ಅದು ಕ್ರೈಸ್ತಸಭೆಯ ಗುರುತೆಂದು ನೆನಸುವವರೂ ಹಳ್ಳಿಗಳಲ್ಲಿ ಉಂಟು. ಹಾಗಲ್ಲ, ಯುದ್ಧದಲ್ಲಿ ಗಾಯಪಟ್ಟವರನ್ನು, ಅವರು ಯಾವ ದೇಶಸ್ಥರೆಂದು ವಿಚಾರಿಸದೆ, ಪರಾಮರಿಸತಕ್ಕದ್ದೆಂದು ಅನೇಕ ರಾಜ್ಯಗಳು ಕೂಡಿ ಒಪ್ಪಿಕೊಂಡ ಗುರುತು ಅದು. ಈ ಒಪ್ಪಂದಕ್ಕೆ ಮೊದಲು ಹಾದಿಮಾಡಿದವನು ದೊರೆಯೂ ಅಲ್ಲ, ಸೇನಾಪತಿಯೂ ಅಲ್ಲ. ಹೆನ್ರಿ ಡ್ಯೂನಾಂಟ್ ಎಂಬ ವರ್ತಕನು. ಆತನು ತನ್ನ ಜೀವಮಾನದಲ್ಲಿ ಎರಡು ದೊಡ್ಡ ಕೆಲಸಗಳನ್ನು ಕೈಕೊಂಡನು. ಎರಡೂ ಪರದೇಶಗಳ ಜನರ ನಡುವೆ ನಡೆಯತಕ್ಕವುಗಳೇ. ಒಂದು ಕೆಟ್ಟುಹೋಗಿ ಆತನನ್ನೂ ಕೆಡಿಸಿತು. ಮತ್ತೊಂದು ಭೂಲೋಕದಲ್ಲೆಲ್ಲಾ ಹಬ್ಬಿತು. ಇದು ಹೇಗಾಯಿತೆಂಬದನ್ನು ತಿಳಿಸಬೇಕೆಂದಿದ್ದೇವೆ.

ಡ್ಯೂನಾಂಟನು 1828ನೇ ಇಸವಿ ಮೇ ತಿಂಗಳ 8ನೇ ತಾರೀಖಿನಲ್ಲಿ ಸ್ವಿಟ್ಜರ್ಲಂಡಿನ ಜಿನೀವಾ ಪಟ್ಟಣದಲ್ಲಿ ಹುಟ್ಟಿದನು. ತಂದೆತಾಯಿಗಳು ಭಕ್ತಿಯುಳ್ಳವರು, ಬಡವರ ವಿಷಯದಲ್ಲಿ ಚಿಂತೆಯುಳ್ಳವರು. ಹುಡುಗನು ಓದಿನಲ್ಲಿ ಜಾಣನಾಗಿರಲಿಲ್ಲ. ಆದಕಾರಣ ಪಾಠಶಾಲೆಯನ್ನು ಬಿಟ್ಟು ಒಂದು ಬ್ಯಾಂಕಿನಲ್ಲಿ ಕೆಲಸ ಕಲಿಯಲಿಕ್ಕೆ ಸೇರಿದನು. 1852ರಲ್ಲಿ ಜಿನೀವಾದಲ್ಲಿ ಕ್ರೈಸ್ತ ಯುವಕರ ಸಂಘವನ್ನು ಸ್ಥಾಪಿಸಿದವರಲ್ಲಿ ಅವನೂ ಒಬ್ಬನು. ಪಟ್ಟಣಕ್ಕೊಂದರಂತೆ ಇದ್ದ ಇಂಥ ಸಂಘಗಳಿಗೆ ಪತ್ರಗಳನ್ನು ಬರೆದು, ಅವು ಒಂದಕ್ಕೊಂದು ಕೂಡಿಕೊಳ್ಳುವಂತೆ ಅವನು ಬಹಳ ಪ್ರಯಾಸಪಟ್ಟನು. 1855ರಲ್ಲಿ ಪ್ಯಾರಿಸಿನಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಸೇರಿ ಆ ಐಕ್ಯವನ್ನು ನೆಲೆಗೊಳಿಸಿದರು.

ಹೀಗಿರಲಾಗಿ ಅವನು 1853ರಲ್ಲಿ ಕೆಲಸದ ನಿಮಿತ್ತ ಆಫ್ರಿಕ ಖಂಡದ ಅಲ್ಜೀರಿಯಕ್ಕೆ ಹೋಗಬೇಕಾಯಿತು. ಆ ದೇಶವನ್ನು ಫ್ರೆಂಚರು ಜಯಿಸಿ ಆಳುತ್ತಿದ್ದರು. ಸೆತಿಫ್ ಎಂಬ ಸೀಮೆಯಲ್ಲಿ ಜಿನೀವಾದ ಒಂದು ಕಂಪೆನಿಗೆ ಫ್ರೆಂಚ್ ಚಕ್ರವರ್ತಿಯಿಂದ 20,000 ಹೆಕ್ಟೇರ್ ಭೂಮಿ ದೊರೆತಿತ್ತು. ಅದನ್ನು ನೋಡಿದ ಡ್ಯೂನಾಂಟನಿಗೆ ತಾನೂ ಅಲ್ಲಿ ಗೋಧಿಯ ಗಿರಣಿಯನ್ನು ಕಟ್ಟಿ ಲಾಭಪಡೆಯಬೇಕೆಂಬ ಆಶೆ ಹುಟ್ಟಿತು. ಜಿನೀವಾದ ಬಂಧುಮಿತ್ರರು ಹಣ ಕೊಟ್ಟರು. ಗಿರಣಿಯೇನೋ ಆಯಿತು, ಆದರೆ ಅದಕ್ಕೆ ಸಾಕಾದಷ್ಟು ಭೂಮಿಯೂ ಇರಲಿಲ್ಲ, ಕಲ್ಲು ತಿರುಗಿಸುವ ನೀರಿನ ಹಕ್ಕೂ ಇರಲಿಲ್ಲ. ನೀರಿಲ್ಲದ ಗಿರಣಿಯ ಕಷ್ಟ ಎಂಥದ್ದೆಂದು ಒಕ್ಕಲಿಗರಿಗೆ ನಾವು ಹೇಳಬೇಕಾದದ್ದಿಲ್ಲ. ಅವನು ಅಲ್ಲಿಯ ಅಧಿಕಾರಿಗಳನ್ನು ಬೇಡಿದನು, ಅವರು ಕಿವಿಗೊಡಲಿಲ್ಲ. ಪ್ಯಾರಿಸಿಗೆ ಹೋಗಿ ಬೇಡಿದನು, ಅಲ್ಲಿಯೂ ಆಗಲಿಲ್ಲ. ನಮ್ಮ ಎಣಿಕೆಯಲ್ಲಿ ಆ ವ್ಯಾಪಾರದ ಬುಡವೇ ಸಡಿಲವಾಗಿತ್ತು. ತಲೆತಲಾಂತರದಿಂದ ಆ ನೆಲವನ್ನು ಉತ್ತು ಬಂದ ಅರಬ್ಬರ ಒಪ್ಪಿಗೆಯ ಮೇಲೆ ಅದು ನಿಂತದ್ದಲ್ಲ, ಸಮುದ್ರದಾಚೆಯ ಅರಮನೆಯ ಒಂದು ಕಾಗದದ ಮೇಲೆ ನಿಂತದ್ದು.

ಚಕ್ರವರ್ತಿಯಾದ ಮೂರನೇ ನೆಪೋಲಿಯನನು ಆಗ ಇಟಲಿಯಲ್ಲಿ ಆಸ್ಟ್ರಿಯದವರ ಸಂಗಡ ಯುದ್ಧಮಾಡುತ್ತಿದ್ದನು. ಡ್ಯೂನಾಂಟನು ಆತನನ್ನು ಹೊಗಳಿ ಒಂದು ಪುಸ್ತಕವನ್ನು ಬರೆದು, ಅದನ್ನು ಹಿಡಿದುಕೊಂಡು, ನೀರಿನ ಹಕ್ಕನ್ನು ಬೇಡಲಿಕ್ಕೆ ದಂಡಿನ ಬಳಿಗೇ ಹೊರಟನು. 1859ನೇ ಇಸವಿ ಜೂನ್ 24ರಂದು ಸೊಲ್ಫೆರಿನೊ ಎಂಬಲ್ಲಿ ಘೋರವಾದ ಕಾಳಗ ನಡೆಯಿತು. ಸತ್ತವರೂ ಗಾಯಪಟ್ಟವರೂ ಕೂಡಿ ಸುಮಾರು 40,000 ಮಂದಿ. ಸಮೀಪದ ಕಸ್ತಿಲ್ಯೋನೆ ಊರಿನ ದೇವಾಲಯಗಳೂ ಮನೆಗಳೂ ಬೀದಿಗಳೂ ಗಾಯಾಳುಗಳಿಂದ ತುಂಬಿಹೋದವು. ವೈದ್ಯರು ಕೆಲವರೇ; ಅನ್ನವಿದ್ದರೂ ಬಡಿಸುವವರಿಲ್ಲ, ನೀರಿದ್ದರೂ ತಂದುಕೊಡುವವರಿಲ್ಲ. ಗಿರಣಿಯ ಕಾಗದಗಳನ್ನು ಹೊತ್ತುಬಂದ ಆ ವರ್ತಕನು ಅವುಗಳನ್ನು ಬದಿಗಿಟ್ಟು ಊರಿನ ಹೆಂಗಸರನ್ನು ಕೂಡಿಸಿದನು. ತನ್ನ ಹಣದಿಂದ ಬೇಕಾದ ಸಾಮಾನುಗಳನ್ನು ತರಿಸಿದನು. ಆಸ್ಟ್ರಿಯದವರು ಆ ಹೆಂಗಸರಿಗೆ ಶತ್ರುಗಳು. ಆದರೂ ಅವರು ಫ್ರೆಂಚನಿಗೂ ಆಸ್ಟ್ರಿಯದವನಿಗೂ ಭೇದವೆಣಿಸದೆ, ಎಲ್ಲರೂ ಸಹೋದರರೆಂದು ಹೇಳಿಕೊಳ್ಳುತ್ತಾ ಗಾಯಗಳನ್ನು ತೊಳೆದರು. ಸೆರೆಸಿಕ್ಕಿದ್ದ ಆಸ್ಟ್ರಿಯದ ವೈದ್ಯರನ್ನು ಬಿಡಿಸಿ ಈ ಕೆಲಸಕ್ಕೆ ಹಚ್ಚುವಂತೆ ಅವನು ಫ್ರೆಂಚರನ್ನು ಒಪ್ಪಿಸಿದನು. ಗಿರಣಿಯ ನೀರು ಮಾತ್ರ ಆಗಲೂ ಸಿಕ್ಕಲಿಲ್ಲ.

ಊರಿಗೆ ತಿರಿಗಿ ಬಂದ ಮೇಲೆ ಆ ನೋಟವು ಅವನನ್ನು ಬಿಡಲಿಲ್ಲ. ತಾನು ಕಂಡದ್ದನ್ನೆಲ್ಲಾ ಬರೆದು 1862ರಲ್ಲಿ ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ, ಯುರೋಪಿನ ಅರಸರಿಗೂ ಮಂತ್ರಿಗಳಿಗೂ ಕಳುಹಿಸಿದನು. ಆ ಪುಸ್ತಕದ ಕಡೆಯಲ್ಲಿ ಎರಡು ಸಂಗತಿಗಳನ್ನು ಕೇಳಿದ್ದನು. ಸಮಾಧಾನದ ಕಾಲದಲ್ಲಿಯೇ ದೇಶದೇಶಗಳಲ್ಲಿ ಸೇವಾಸಂಘಗಳು ಸಿದ್ಧವಾಗಿರಬೇಕು. ಅವುಗಳ ಕೆಲಸಕ್ಕೆ ಆಧಾರವಾಗಿ ರಾಜ್ಯಗಳು ಒಂದು ನಿಯಮವನ್ನು ಒಪ್ಪಿಕೊಳ್ಳಬೇಕು. 1863ನೇ ಇಸವಿ ಫೆಬ್ರವರಿಯಲ್ಲಿ ಗುಸ್ತಾವ್ ಮೊಯ್ನಿಯೇ ಎಂಬ ನ್ಯಾಯಶಾಸ್ತ್ರಜ್ಞನು, ಜನರಲ್ ದ್ಯುಫೂರ್, ಅಪ್ಪಿಯ ಮತ್ತು ಮೊನ್ವಾರ್ ಎಂಬ ವೈದ್ಯರು, ಡ್ಯೂನಾಂಟನು, ಹೀಗೆ ಐವರ ಸಮಿತಿಯಾಯಿತು. ಡ್ಯೂನಾಂಟನಿಗೆ ಹುರುಪು ಹೆಚ್ಚು, ಕ್ರಮ ಕಡಿಮೆ. ಮೊಯ್ನಿಯೇ ಕ್ರಮವೇ ಮೂರ್ತಿಯಾದವನು. ಇಬ್ಬರಿಗೂ ಸರಿಬೀಳಲಿಲ್ಲ. ಆದರೂ ಇಬ್ಬರೂ ಇಲ್ಲದಿದ್ದರೆ ಆ ಕೆಲಸವು ಆಗುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಅವರ ಏರ್ಪಾಟಿನ ಮುಖ್ಯ ಸಂಗತಿ ಇದು. ಜಿನೀವಾದವರು ಎಲ್ಲಾ ದೇಶಗಳನ್ನು ಆಳತಕ್ಕ ಒಂದು ದೊಡ್ಡ ಸಂಘವನ್ನು ಕಟ್ಟಲಿಲ್ಲ. ಪ್ರತಿಯೊಂದು ದೇಶದಲ್ಲಿ ಆ ದೇಶದವರೇ ತಮ್ಮ ಸಂಘವನ್ನು ಮಾಡಿಕೊಂಡು, ತಮ್ಮ ಹಣದಿಂದ, ತಮ್ಮ ದಂಡಿನ ಅಪ್ಪಣೆಗೊಳಪಟ್ಟು ಸೇವೆಮಾಡಬೇಕೆಂದು 1863ನೇ ಅಕ್ಟೋಬರದ ಸಭೆಯಲ್ಲಿ ಗೊತ್ತಾಯಿತು. ಎಲ್ಲರಿಗೂ ಸಮವಾದದ್ದು ನಿಯಮವೂ ಗುರುತೂ ಮಾತ್ರ. 1864ನೇ ಇಸವಿ ಆಗಸ್ಟ್ 22ರಂದು 12 ರಾಜ್ಯಗಳು ರುಜುಹಾಕಿದವು. ಗಾಯಾಳುಗಳ ಬಂಡಿಗಳ ಮೇಲೂ ಆಸ್ಪತ್ರೆಗಳ ಮೇಲೂ ಯಾರೂ ಕೈಮಾಡಬಾರದು, ಗಾಯಪಟ್ಟ ಶತ್ರುವನ್ನೂ ನೋಡಿಕೊಳ್ಳಬೇಕು, ಗಾಯಾಳುವನ್ನು ಮನೆಗೆ ಸೇರಿಸಿದ ಹಳ್ಳಿಯವನಿಗೆ ರಕ್ಷಣೆಯುಂಟೆಂಬದಾಗಿ ಅದರಲ್ಲಿತ್ತು.

ಗುರುತಿನ ವಿಷಯದಲ್ಲಿ ಮಾತ್ರ ತೊಡಕು ಬಂತು. ತಮ್ಮ ಸಿಪಾಯಿಗಳು ಮುಸಲ್ಮಾನರಾದದರಿಂದ ಶಿಲುಬೆಯನ್ನು ಧರಿಸಲಾರರೆಂದೂ ಕೆಂಪು ಅರ್ಧಚಂದ್ರವನ್ನು ಹಾಕಿಕೊಳ್ಳುವೆವೆಂದೂ ತುರ್ಕಿಯವರು 1876ರಲ್ಲಿ ತಿಳಿಸಿದರು. ಆದರೆ ಶತ್ರುಗಳ ಶಿಲುಬೆಯ ಗುರುತಿಗೆ ಮರ್ಯಾದೆ ಕೊಡುವೆವೆಂದು ಮಾತುಕೊಟ್ಟರು. ಬಹಳ ಚರ್ಚೆಯಾದ ಮೇಲೆ 1929ರಲ್ಲಿ ಅರ್ಧಚಂದ್ರವು ಒಪ್ಪಂದದಲ್ಲಿಯೇ ಸೇರಿತು. 2005ರಲ್ಲಿ ಯಾವ ಮತಕ್ಕೂ ಸೇರದ ಮೂರನೇ ಗುರುತೂ ಉಂಟಾಯಿತು. ಜಪಾನಿನವರು 1877ರಲ್ಲಿ ಬೇರೆ ಹೆಸರಿನಿಂದ ಆರಂಭಿಸಿದ ಸಂಘವು 1887ರಲ್ಲಿ ರೆಡ್‌ಕ್ರಾಸ್ ಎಂಬ ಹೆಸರನ್ನು ತಾನಾಗಿಯೇ ತೆಗೆದುಕೊಂಡಿತು. ಹಿಂದುಸ್ಥಾನದ ಸಂಘವು 1920ರ ಕಾಯಿದೆಯಿಂದ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಒಂದೇ ಗುರುತನ್ನು ಧರಿಸಿ ಸೇವೆಮಾಡುತ್ತಾರೆ.

ಇತ್ತ ಡ್ಯೂನಾಂಟನ ಗಿರಣಿಯು ಮುಳುಗುತ್ತಾ ಬಂತು. 1867ರಲ್ಲಿ ಅದರ ಸಂಗಡ ಸಂಬಂಧವಿದ್ದ ಜಿನೀವಾದ ಒಂದು ಬ್ಯಾಂಕು ಬಿದ್ದುಹೋಗಿ, ಅವನು ಸುಮಾರು ಹತ್ತು ಲಕ್ಷ ಫ್ರಾಂಕುಗಳ ಸಾಲಗಾರನಾದನು. ನಂಬಿ ಹಣ ಕೊಟ್ಟ ಬಂಧುಮಿತ್ರರು ನಷ್ಟಪಟ್ಟರು. ಅವನು ಮೋಸದಿಂದ ನಡೆದನೆಂದು 1868ರಲ್ಲಿ ನ್ಯಾಯಸ್ಥಾನವು ತೀರ್ಪುಕೊಟ್ಟಿತು. ಇದನ್ನು ಮುಚ್ಚಿಡುವದು ಸರಿಯಲ್ಲ. ಸಮಿತಿಯಿಂದಲೂ ಹೊರಗಾದನು. ಜಿನೀವಾವನ್ನು ಬಿಟ್ಟವನು ತಿರಿಗಿ ಅದನ್ನು ನೋಡಲಿಲ್ಲ. ಕೆಲವು ಕಾಲ ಪ್ಯಾರಿಸಿನಲ್ಲಿ ಹಸಿವೆಯಿಂದಲೂ ಹರಕು ಬಟ್ಟೆಯಿಂದಲೂ ದಿನಗಳೆದನು.

1887ರಲ್ಲಿ ಹೈಡನ್ ಎಂಬ ಬೆಟ್ಟದ ಊರಿಗೆ ಬಂದು, 1892ರಿಂದ ಅಲ್ಲಿಯ ಆಸ್ಪತ್ರೆಯ ಒಂದು ಕೋಣೆಯಲ್ಲಿ ವಾಸವಾಗಿದ್ದನು. ಲೋಕವು ಅವನನ್ನು ಮರೆತಿತ್ತು. 1895ರಲ್ಲಿ ಒಬ್ಬ ಪತ್ರಿಕೆಯವನು ಅವನನ್ನು ಕಂಡು ಬರೆದ ಮೇಲೆ ನಾನಾ ದೇಶಗಳಿಂದ ಪತ್ರಗಳೂ ಸಹಾಯವೂ ಬಂದವು. 1901ರಲ್ಲಿ, ಮೊದಲನೆಯ ಸಾರಿ ಕೊಡಲ್ಪಟ್ಟ ನೊಬೆಲ್ ಶಾಂತಿ ಬಹುಮಾನವು ಅವನಿಗೂ ಫ್ರೆಡೆರಿಕ್ ಪಾಸ್ಸಿ ಎಂಬ ಫ್ರೆಂಚನಿಗೂ ದೊರೆಯಿತು. ಸಾಲಗಾರರ ಕೈಗೆ ಸಿಕ್ಕದಂತೆ ಆ ಹಣವನ್ನು ನಾರ್ವೆ ದೇಶದಲ್ಲಿಯೇ ಇಡಿಸಲಾಯಿತು. ಅವನು ಅದನ್ನು ಮುಟ್ಟದೆ, ಮೊದಲಿನ ಕೋಣೆಯಲ್ಲಿಯೇ ಮೊದಲಿನಂತೆ ಇದ್ದನು. 1910ನೇ ಅಕ್ಟೋಬರ್ 30ರಂದು ತೀರಿಹೋದನು. ಅವನ ಇಷ್ಟದಂತೆ ಯಾವ ಸಂಭ್ರಮವೂ ಇಲ್ಲದೆ ಸೂರಿಕ್ ಪಟ್ಟಣದಲ್ಲಿ ಹೂಣಿಟ್ಟರು. ಆ ಊರಿನ ಬಡರೋಗಿಗಳಿಗಾಗಿ ಹೈಡನಿನ ಆಸ್ಪತ್ರೆಯಲ್ಲಿ ಒಂದು ಹಾಸಿಗೆಯನ್ನು ಯಾವಾಗಲೂ ಉಚಿತವಾಗಿ ಇಡಬೇಕೆಂದು ಮರಣಶಾಸನದಲ್ಲಿ ಹಣ ಬಿಟ್ಟಿದ್ದನು. ಗಿರಣಿಯ ಸಾಲವು ತೀರದೆ ಉಳಿಯಿತು.