ಹಾನಗಲ್ಲ ಕುಮಾರಸ್ವಾಮಿಗಳು

ಹಾನಗಲ್ಲ ಕುಮಾರಸ್ವಾಮಿಗಳು (1867–1930) ಉತ್ತರ ಕರ್ನಾಟಕದ ವೀರಶೈವ ವಿರಕ್ತ ಪರಂಪರೆಯ ಯತಿಗಳು, ಸಮಾಜ ಸುಧಾರಕರು ಹಾಗೂ ಶಿವಯೋಗ ಮಂದಿರದ ಸಂಸ್ಥಾಪಕರು. ಹಾನಗಲ್ಲಿನ ವಿರಕ್ತಮಠದ ಅಧಿಪತಿಗಳಾಗಿದ್ದ ಇವರ ಪಟ್ಟಾಧಿಕಾರದ ಹೆಸರು ಸದಾಶಿವ ಸ್ವಾಮಿಗಳು. ಭಕ್ತರು ಇವರನ್ನು ಕುಮಾರ ಶಿವಯೋಗಿಗಳು ಎಂದೂ ಕರೆಯುತ್ತಾರೆ. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೆ ಇವರೇ ಪ್ರೇರಕರು. ಮಠದ ಪೀಠವನ್ನೇರುವವನು ಅದಕ್ಕೆ ಮೊದಲು ದೀರ್ಘಕಾಲದ ಆಧ್ಯಾತ್ಮಿಕ ಸಿದ್ಧತೆ ನಡೆಸಿರಬೇಕು ಎಂಬ ವಿಚಾರವನ್ನು ಒಂದು ಸಂಸ್ಥೆಯ ರೂಪಕ್ಕೆ ತಂದದ್ದು ಇವರ ಜೀವನದ ಮುಖ್ಯ ಸಾಧನೆ.

ಹಿನ್ನೆಲೆ

ಕುಮಾರಸ್ವಾಮಿಗಳ ಕಾಲದಲ್ಲಿ ಹಾನಗಲ್ಲ, ಶಿಗ್ಗಾಂವಿ ಮತ್ತು ಹಿರೇಕೆರೂರು ಪ್ರದೇಶಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಆಳ್ವಿಕೆಯ ಸಂಸ್ಥಾನವಾಗಿತ್ತು. 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆ ಈ ಎಲ್ಲ ಪ್ರದೇಶಗಳನ್ನು ಒಳಗೊಂಡಿದೆ. ಗುರುವನ್ನು ಅರಸುವ, ಗುರುವಿನ ಬಳಿ ಪಕ್ವಗೊಳ್ಳುವ ಸಂಪ್ರದಾಯ ಈ ಸೀಮೆಯಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಶಿವಶರಣ ಏಕಾಂತದ ರಾಮಯ್ಯನ ಹೆಸರು ಹಿರೇಕೆರೂರು ತಾಲ್ಲೂಕಿನ ಅಬಲೂರಿನೊಂದಿಗೆ ಬೆಸೆದುಕೊಂಡಿದೆ. ಕನಕದಾಸರ ಬಾಡ ಗ್ರಾಮವೂ ಶಿಶುನಾಳ ಶರೀಫರ ಶಿಶುವಿನಹಾಳವೂ ಶಿಗ್ಗಾಂವಿ ತಾಲ್ಲೂಕಿನಲ್ಲಿವೆ. ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿದ್ದ ಶರೀಫರು 1889ರಲ್ಲಿ ನಿಧನರಾದಾಗ ಕುಮಾರಸ್ವಾಮಿಗಳು ಇಪ್ಪತ್ತೆರಡರ ಹೊಸ್ತಿಲಲ್ಲಿದ್ದ ತರುಣರು.

ಜನನ ಮತ್ತು ವಿದ್ಯಾಭ್ಯಾಸ

ಇವರು 1867ರ ಸೆಪ್ಟೆಂಬರ್ 11ರಂದು ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಬಡ ಜಂಗಮ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬಸವಯ್ಯ, ತಾಯಿ ನೀಲಮ್ಮ. ಬಾಲ್ಯದ ಹೆಸರು ಹಾಲಯ್ಯ. ಮನೆಯಲ್ಲಿ ಅನುಕೂಲವಿಲ್ಲದ ಕಾರಣ ಕಂತಿಭಿಕ್ಷೆ ಬೇಡಿ ಉಣ್ಣುತ್ತ ಓದು ಮುಂದುವರಿಸಿದರು. ಅಂದಿನ ದಿನಗಳಲ್ಲಿ ಸರ್ಕಾರಿ ನೌಕರಿಗೆ ಮೆಟ್ಟಿಲಾಗಿದ್ದ ಮುಲ್ಕಿ ಪರೀಕ್ಷೆಗೆ ಕುಳಿತರಾದರೂ ಅದರಲ್ಲಿ ತೇರ್ಗಡೆಯಾಗಲಿಲ್ಲ. ಬಳಿಕ ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಅಧ್ಯಯನದ ಹಂಬಲ ಕ್ರಮೇಣ ಅಧ್ಯಾತ್ಮದ ಕಡೆಗೆ ತಿರುಗಿ, ಅವರು ಮನೆಯ ಬಂಧನವನ್ನು ಕಳಚಿಕೊಂಡರು.

ಗುರುವಿನ ಅನ್ವೇಷಣೆ

ಹಾಲಯ್ಯನವರು ಹುಬ್ಬಳ್ಳಿಗೆ ತೆರಳಿ ಸಿದ್ಧಾರೂಢ ಸ್ವಾಮಿಗಳ ಸನ್ನಿಧಿಯಲ್ಲಿ ವೇದಾಂತ ಶಾಸ್ತ್ರಗಳ ಶ್ರವಣ ಮಾಡಿದರು. ಅಲ್ಲಿ ಬೋಧಿಸಲಾಗುತ್ತಿದ್ದ ಅದ್ವೈತ ವಿಚಾರಕ್ಕೂ ಇಷ್ಟಲಿಂಗದ ಪೂಜೆಯಲ್ಲಿ ತಮಗಿದ್ದ ನಿಷ್ಠೆಗೂ ಹೊಂದಾಣಿಕೆ ಕಾಣದೆ, ಅವರು ಆ ಸ್ಥಳವನ್ನು ಬಿಟ್ಟು ಬೇರೆ ಗುರುವನ್ನು ಅರಸಿದರು. ಎಮ್ಮಿಗನೂರಿನ ಜಡೆಸಿದ್ಧರ ದರ್ಶನದ ನಂತರ ಬಿದರಿಯ ಕುಮಾರ ಶಿವಯೋಗಿಗಳ ಆಶ್ರಯ ಪಡೆದು ಅವರ ಸೇವೆಯಲ್ಲಿ ನಿಂತರು. ಲಿಂಗಪೂಜೆ, ಶಾಸ್ತ್ರಾಧ್ಯಯನ ಮತ್ತು ಗುರುಸೇವೆಗಳಲ್ಲಿ ಕಳೆದ ಈ ಅವಧಿ ಅವರ ವ್ಯಕ್ತಿತ್ವವನ್ನು ರೂಪಿಸಿತು. ಗುರುವಿನ ನಂತರ ಶಂಭುಲಿಂಗನ ಬೆಟ್ಟದಲ್ಲಿ ಏಕಾಂತವಾಗಿ ಅನುಷ್ಠಾನ ನಡೆಸಿದರು.

ಹೀಗೆ ಅವರ ಸಿದ್ಧತೆಯ ಕಾಲವೆಲ್ಲ ಅಲೆದಾಟದಲ್ಲೇ ಸಾಗಿತು. ಸಾಧನೆಗೆ ಹೊರಟ ತರುಣನು ಎಲ್ಲಿಗೆ ಹೋಗಬೇಕು, ಏನನ್ನು ಯಾವ ಕ್ರಮದಲ್ಲಿ ಕಲಿಯಬೇಕು ಎಂಬುದಕ್ಕೆ ನಿಶ್ಚಿತ ವ್ಯವಸ್ಥೆಯಿರಲಿಲ್ಲ. ಮುಂದೆ ಶಿವಯೋಗ ಮಂದಿರವು ತುಂಬಿಕೊಟ್ಟದ್ದು ಈ ಕೊರತೆಯನ್ನೇ.

ಹಾನಗಲ್ಲ ವಿರಕ್ತಮಠ

ಹಾನಗಲ್ಲ ವಿರಕ್ತಮಠದ ಫಕೀರ ಸ್ವಾಮಿಗಳು ಹಾಲಯ್ಯನವರನ್ನು ತಮ್ಮ ಉತ್ತರಾಧಿಕಾರಿಯಾಗಿ ಆರಿಸಿದರು. ಪಟ್ಟಾಧಿಕಾರದ ನಂತರ ಸದಾಶಿವ ಸ್ವಾಮಿಗಳೆಂಬ ಹೆಸರು ಬಂದರೂ ಜನರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳೆಂಬ ಹೆಸರೇ ಉಳಿಯಿತು. ಮಠಾಧಿಪತಿಯಾದ ಮೇಲೂ ಅವರು ಹಾನಗಲ್ಲಿಗೆ ಸೀಮಿತರಾಗದೆ ಊರೂರು ಸಂಚರಿಸಿ ಸಮಾಜದ ಸ್ಥಿತಿಗತಿಯನ್ನು ಅರಿತರು.

1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ನಡೆಯಿತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ಅದರ ಅಧ್ಯಕ್ಷತೆ ವಹಿಸಿದ್ದರು. ಆಧುನಿಕ ಶಿಕ್ಷಣದ ಪ್ರಸಾರ ಮಹಾಸಭೆಯ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ ಶಾಲೆಗಳು ಹೆಚ್ಚಿದ ಮಾತ್ರಕ್ಕೆ ಮಠಗಳು ಸುಧಾರಿಸುವುದಿಲ್ಲವೆಂಬುದು ಕುಮಾರಸ್ವಾಮಿಗಳ ನಿಲುವಾಗಿತ್ತು. ಎಳೆಯ ವಯಸ್ಸಿನಲ್ಲೇ ಮಠದ ಮರಿಯಾಗಿ ಆಯ್ಕೆಯಾಗಿ, ಓದಾಗಲಿ ಸಾಧನೆಯಾಗಲಿ ಇಲ್ಲದೆ ಪೀಠವನ್ನೇರುವವರಿಂದ ಭಕ್ತರಿಗೆ ಮಾರ್ಗದರ್ಶನ ದೊರೆಯಲಾರದೆಂದು ಅವರು ಭಾವಿಸಿದ್ದರು.

ಶಿವಯೋಗ ಮಂದಿರ

1909ರಲ್ಲಿ ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ದಂಡೆಯ ಮೇಲೆ ಶಿವಯೋಗ ಮಂದಿರ ಸ್ಥಾಪನೆಯಾಯಿತು. ಇಳಕಲ್ಲಿನ ಮಹಾಂತ ಸ್ವಾಮಿಗಳು ಈ ಕಾರ್ಯದಲ್ಲಿ ಕುಮಾರಸ್ವಾಮಿಗಳೊಂದಿಗೆ ಕೈಜೋಡಿಸಿದರು. ಊರಿನ ಗದ್ದಲದಿಂದ ದೂರವಾದ, ನೀರು ಮತ್ತು ನೆರಳಿನ ಆಸರೆಯಿದ್ದ ಈ ತಾಣ ಅನುಷ್ಠಾನಕ್ಕೆ ಅನುಕೂಲವಾಗಿತ್ತು.

ಮಂದಿರದಲ್ಲಿ ತರಬೇತಿ ಪಡೆಯುವ ಬಾಲಕರನ್ನು ವಟುಗಳೆಂದೂ ಮುಂದಿನ ಹಂತದವರನ್ನು ಸಾಧಕರೆಂದೂ ಕರೆಯಲಾಗುತ್ತದೆ. ದಿನಚರಿಯ ಕೇಂದ್ರದಲ್ಲಿರುವುದು ಇಷ್ಟಲಿಂಗದ ಪೂಜೆ. ಸಾಧಕನು ಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಅದರ ಮೇಲೆ ದೃಷ್ಟಿಯನ್ನು ನಿಲ್ಲಿಸುತ್ತಾನೆ. ದೃಷ್ಟಿಯೊಂದಿಗೆ ಮನಸ್ಸೂ ನಿಲ್ಲುವ ಅಭ್ಯಾಸವೇ ಶಿವಯೋಗದ ಆರಂಭ. ಇದರ ಜೊತೆಗೆ ಯೋಗಾಸನ, ಪ್ರಾಣಾಯಾಮ, ಸಂಸ್ಕೃತ ಮತ್ತು ಕನ್ನಡ ಶಾಸ್ತ್ರಗಳ ಅಧ್ಯಯನ, ವಚನ ಸಾಹಿತ್ಯ ಹಾಗೂ ಸಂಗೀತಕ್ಕೆ ಸ್ಥಾನವಿತ್ತು. ಗೋಶಾಲೆಯನ್ನು ತೆರೆದು, ಗೋಮಯದಿಂದ ಶಾಸ್ತ್ರೋಕ್ತವಾಗಿ ವಿಭೂತಿ ತಯಾರಿಸುವ ಪದ್ಧತಿಯನ್ನೂ ಇಲ್ಲಿ ರೂಢಿಸಲಾಯಿತು. ಮಂದಿರದ ವಿಭೂತಿ ಇಂದಿಗೂ ಪ್ರಸಿದ್ಧವಾಗಿದೆ. ಓಲೆಗರಿಗಳ ಸಂಗ್ರಹವೂ ಇಲ್ಲಿ ಬೆಳೆಯಿತು.

ಇಲ್ಲಿ ತರಬೇತಿ ಪಡೆದ ಅನೇಕರು ಮುಂದೆ ಕರ್ನಾಟಕದ ವಿವಿಧ ಮಠಗಳ ಅಧಿಪತಿಗಳಾದರು. ಹಾವೇರಿಯ ಹುಕ್ಕೇರಿಮಠದ ಶಿವಬಸವ ಸ್ವಾಮಿಗಳು ಅವರಲ್ಲೊಬ್ಬರು. ಮಂದಿರದ ಶಿಕ್ಷಣ ಜಂಗಮ ವಟುಗಳನ್ನು ಉದ್ದೇಶಿಸಿದ್ದುದು ಅದರ ಮಿತಿಯಾಗಿತ್ತು. ಸಿದ್ಧತೆಯಿಲ್ಲದೆ ಅಧಿಕಾರ ಸಲ್ಲದು ಎಂಬ ತತ್ವವನ್ನು ಎತ್ತಿಹಿಡಿದ ಸಂಸ್ಥೆ, ಆ ಸಿದ್ಧತೆಗೆ ಯಾರು ಅರ್ಹರು ಎಂಬ ವಿಷಯದಲ್ಲಿ ಹಳೆಯ ಸಂಪ್ರದಾಯವನ್ನೇ ಅನುಸರಿಸಿತ್ತು.

ಸಂಗೀತಕ್ಕೆ ಪ್ರೋತ್ಸಾಹ

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಎಂಬ ಅಂಧ ಬಾಲಕನ ಹಾಡುಗಾರಿಕೆಯನ್ನು ಕೇಳಿದ ಕುಮಾರಸ್ವಾಮಿಗಳು ಅವನ ಪೋಷಣೆ ಮತ್ತು ಶಿಕ್ಷಣದ ಹೊಣೆ ಹೊತ್ತರು. ಕರ್ನಾಟಕ ಸಂಗೀತದ ಅಭ್ಯಾಸದ ನಂತರ ಗದಿಗೆಯ್ಯನವರು ಶಿವಯೋಗ ಮಂದಿರದಲ್ಲಿ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತವನ್ನು ಕಲಿತರು. ಅವರೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ಹೆಸರಾದರು. ಅಂಧರಿಗೂ ಅನಾಥರಿಗೂ ಸಂಗೀತ ಕಲಿಸಲು ಅವರು ಊರಿಂದೂರಿಗೆ ಸಾಗುವ ಸಂಚಾರಿ ಪಾಠಶಾಲೆ ನಡೆಸಿದರು. ಅದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಹಾನಗಲ್ಲ ತಾಲ್ಲೂಕಿನವರೇ. ಮಂದಿರದಲ್ಲಿ ವಟುಗಳಿಗೆ ಪೂಜೆ ಮತ್ತು ಶಾಸ್ತ್ರಗಳು ಸಾಧನೆಯಾದಂತೆ, ಇವರಿಗೆ ಸ್ವರಾಭ್ಯಾಸವೇ ಸಾಧನೆಯಾಯಿತು.

ಲಿಂಗೈಕ್ಯ ಮತ್ತು ಪ್ರಭಾವ

ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆ ಶಿವಯೋಗ ಮಂದಿರದಲ್ಲಿದೆ. ಪ್ರತಿವರ್ಷ ಅವರ ಜಯಂತಿಯನ್ನೂ ಪುಣ್ಯಸ್ಮರಣೆಯನ್ನೂ ಆಚರಿಸಲಾಗುತ್ತದೆ. ಅವರು ಪ್ರೇರೇಪಿಸಿದ ಮಹಾಸಭೆ ಇಂದಿಗೂ ಕಾರ್ಯನಿರತವಾಗಿದೆ. ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳ ಕುರಿತ ಚರ್ಚೆಯಲ್ಲಿ ಅದರ ನಿಲುವನ್ನು ಒಪ್ಪುವವರೂ ವಿರೋಧಿಸುವವರೂ ಇದ್ದಾರೆ. ಪರೀಕ್ಷೆಯಲ್ಲಿ ವಿಫಲರಾಗಿ, ಗುರುವನ್ನು ಅರಸುತ್ತ ಅಲೆದ ತರುಣರೊಬ್ಬರು, ತಮ್ಮ ನಂತರದವರು ಹಾಗೆ ಅಲೆಯದಂತೆ ಕಟ್ಟಿದ ಶಿವಯೋಗ ಮಂದಿರ ಶತಮಾನವನ್ನು ದಾಟಿದೆ.